ಮಾವನವರ ರೇಸಿನ ಕುದುರೆ

ನನ್ನ ಮುತ್ತಜ್ಜನ ಹೆಸರು ನನಗೆ ಗೊತ್ತಿಲ್ಲ. ರೇಸಿನ ಕುದುರೆಗೆ ಈ ಅವಮಾನವಿಲ್ಲ. ಅದರ ವಂಶ ಹುಡುಕುತ್ತ ಹೋದರೆ, ಪೂರ್ವದ ಸೀಮೆಗಳಿಂದ ಇಂಗ್ಲೆಂಡಿಗೆ ಹೋದ ಕೆಲವೇ ಗಂಡುಕುದುರೆಗಳವರೆಗೆ ತಲುಪಬಹುದಂತೆ. ರಾಜರು ಬಾಜಿ ಕಟ್ಟಿದರು, ಸಿರಿವಂತರು ಬೆಳ್ಳಿಯ ಬಟ್ಟಲು ಗೆದ್ದರು. ಚರಿತ್ರೆ ಎಲ್ಲವನ್ನೂ ಬರೆದುಕೊಂಡಿತು. ಕುದುರೆ ಯಾಕೆ ಓಡುತ್ತದೆ ಎಂಬುದು ಮಾತ್ರ ನನಗೆ ತಿಳಿದದ್ದು ನಿಜಾಮರ ಕಾಲದಲ್ಲಿ, ಕೊಪ್ಪಳದ ದಾರಿಯಲ್ಲಿ.

ನಾನಾಗ ಯಲಬುರ್ಗಾದಲ್ಲಿ ಮಾಸ್ತರ. ಕೊಪ್ಪಳದಲ್ಲಿ ಅರಿವೆ ಅಂಗಡಿ ಇಟ್ಟಿದ್ದ ನನ್ನ ಮಾವನವರು, ರೇಸಿನಿಂದ ನಿವೃತ್ತಿಯಾದ ಕುದುರೆಯೊಂದನ್ನು ಹೈದರಾಬಾದಿನಿಂದ ತಂದು ಟಾಂಗಾಕ್ಕೆ ಹೂಡಿದ್ದರು. ಅವರ ಹೆಮ್ಮೆಗೆ ಮಿತಿಯಿರಲಿಲ್ಲ, ಕುದುರೆಗೆ ಅವಸರವಿರಲಿಲ್ಲ.

ತುಂಬು ಬಸುರಿಯಾಗಿದ್ದ ನನ್ನ ಹೆಂಡತಿ ನೀಲವ್ವನನ್ನು ತವರಿಗೆ ಕರೆದೊಯ್ಯಲು ಆ ಟಾಂಗಾವನ್ನೇ ಕಳಿಸಿದರು. ಮೊದಲ ಹೆರಿಗೆಯಲ್ಲಿ ಕೂಸು ಉಳಿದಿರಲಿಲ್ಲ. ಟಾಂಗಾದಲ್ಲಿ ಇಬ್ಬರೂ ಆ ಮಾತೆತ್ತದೆ ಕುಳಿತಿದ್ದೆವು. ಕೊಪ್ಪಳದ ಗುಡ್ಡ ದೂರದಲ್ಲಿ ಕಾಣಿಸುವ ಹೊತ್ತಿಗೆ ಅವಳು ನನ್ನ ತೋಳು ಹಿಡಿದಳು.

"ಏನ್ರಿ, ಬ್ಯಾನಿ ಸುರುವಾಗ್ಯಾವ. ಓಡಸಾಕ ಹೇಳ್ರಿ!"

ಟಾಂಗಾ ಹೊಡೆಯುತ್ತಿದ್ದ ಇಮಾಮಸಾಬ ತಲೆಯಾಡಿಸಿದ. "ಹೊಡದ್ರ ನಿಂತ ಬಿಡತೈತ್ರಿ ಮಾಸ್ತರ. ಮಗ್ಗಲದಾಗ ಇನ್ನೊಂದು ಕುದುರಿ ಬಂದ್ರ ಮಾತ್ರ ಓಡತೈತಿ."

ಅಷ್ಟರಲ್ಲಿ ಹಿಂದಿನಿಂದ ಪೊಲೀಸ್ ಜಮಾದಾರರೊಬ್ಬರು ಕುದುರೆಯ ಮೇಲೆ ಬಂದರು. ನಾನು ಕೆಳಗೆ ಹಾರಿ ಕೈಮುಗಿದೆ.

"ಸಾಹೇಬ್ರ, ನಮ್ಮ ಜೋಡಿ ಕುದುರಿ ಓಡಸ್ರಿ. ನಮ್ಮ ಮನಿಯಾಕಿಗೆ ಬ್ಯಾನಿ ಬಂದಾವ."

"ನಿಮ್ಮ ಮನಿಯಾಕಿಗೆ ಬ್ಯಾನಿ ಬಂದ್ರ ನನ್ನ ಕುದುರಿ ಯಾಕ ಓಡಬೇಕ್ರಿ?"

ನಮ್ಮ ಕುದುರೆಯ ಗುಣ ವಿವರಿಸಿದ ಮೇಲೆ ಮೀಸೆಯಲ್ಲೇ ನಕ್ಕು ಅವರು ಲಗಾಮು ಸಡಿಲಿಸಿದರು. "ಗಟ್ಟಿ ಹಿಡ್ಕೊಂಡು ಕುಂದರ್ರಿ!"

ನಾನು ಮತ್ತೆ ಟಾಂಗಾ ಹತ್ತಿದೆ. ಪಕ್ಕದಲ್ಲಿ ಗೊರಸಿನ ಸದ್ದು ಕೇಳಿದ್ದೇ ತಡ, ನಮ್ಮ ಕುದುರೆ ಕಿವಿ ಹಿಂದಕ್ಕೆ ಮಡಿಸಿ ಹಾರಿತು. ನಾನು ಒಂದು ಕೈಯಲ್ಲಿ ಹೆಂಡತಿಯನ್ನೂ ಇನ್ನೊಂದರಲ್ಲಿ ಟಾಂಗಾದ ಕಂಬಿಯನ್ನೂ ಹಿಡಿದು ದೇವಿ ಹುಲಿಗೆಮ್ಮನನ್ನು ಕರೆದೆ. ಜಮಾದಾರರು ಹಿಂದೆ ಬಿದ್ದರೆ ನಮ್ಮದೂ ನಿಧಾನವಾಗುತ್ತಿತ್ತು. ಆಗ ನೀಲವ್ವ ನೋವಿನ ನಡುವೆಯೇ ಕೂಗುತ್ತಿದ್ದಳು: "ಜಮಾದಾರ್ರ, ಹಿಂದ ಬೀಳಬ್ಯಾಡ್ರಿ!"

ಕೊಪ್ಪಳ ಸೇರಿ ಸೂಲಗಿತ್ತಿಯ ಮನೆಯ ಮುಂದೆ ಜಮಾದಾರರು ಲಗಾಮು ಬಿಗಿಹಿಡಿದರು. ನಮ್ಮ ಕುದುರೆ ಅತ್ತಿತ್ತ ನೋಡಿತು. ಜೊತೆಗಾರನಿಲ್ಲದ ಓಟ ಯಾತಕ್ಕೆಂದು ತಾನೂ ನಿಂತಿತು.

ನೀಲವ್ವನನ್ನು ಒಳಗೆ ಕರೆದೊಯ್ದರು. ಹೊರಗಿನ ಕಟ್ಟೆಯ ಮೇಲೆ ನಾನೂ ಜಮಾದಾರರೂ ಕುಳಿತೆವು. ಕೊನೆಗೆ ಕೂಸಿನ ಅಳು ಕೇಳಿತು. ಗಟ್ಟಿಯಾದ, ಸಿಟ್ಟಿನ ಅಳು. ನನಗೆ ಅಳು ಬಂತು. ಜಮಾದಾರರು ಪಗಡಿ ತೆಗೆದು ಮುಖ ಒರೆಸಿಕೊಂಡರು. "ತಾಯಿ, ಮಗಳು ಛಲೋ ಅದಾರ" ಎಂದಳು ಸೂಲಗಿತ್ತಿ.

ಹೆರಿಗೆಯ ಸುದ್ದಿಯ ಜೊತೆಗೆ ಓಟದ ಸುದ್ದಿಯನ್ನೂ ಕೇಳಿ ಓಡೋಡಿ ಬಂದ ಮಾವನವರು ಮೊಮ್ಮಗಳನ್ನು ನೋಡುವ ಮೊದಲೇ ಬಾಗಿಲಲ್ಲಿ ನಿಂತು ಜಮಾದಾರರನ್ನು ಕೇಳಿದರು: "ಗೆದ್ದವ್ರು ಯಾರ್ರಿ?"

ಒಳಗಿನಿಂದ ನೀಲವ್ವನ ದಣಿದ ದನಿ ಬಂತು.

"ಒಳಗ ಬಾ ಅಪ್ಪಾ. ಗೆದ್ದಾಕಿ ಇಲ್ಲಿ ಮಲಗ್ಯಾಳ."