ಎಂಜಿನ್ ಬಂದ್ ಮಾಡಿದ ಮೇಲೆ

ಕಾರಿನ ಗಾಜು ಏರಿಸಿಕೊಂಡೇ ಓಡಾಡುವುದು ಅದಿರಿನ ಕಾಲದ ಬಳ್ಳಾರಿಯವರಿಗೆ ಅಂಟಿದ್ದ ಚಾಳಿ. ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡು, ಸೆಕೆ ತಾಳಲಾರದೆ ಒಂದು ಬೆರಳಷ್ಟು ಗಾಜು ಇಳಿಸಿದರೂ ಸಾಕು, ಕೆಂಪು ಧೂಳು ನುಗ್ಗಿ ಬಿಳಿ ಅಂಗಿಯನ್ನು ಕಾವಿ ಮಾಡಿಬಿಡುತ್ತಿತ್ತು. ಹೀಗಾಗಿ, ಮಿತ್ರರೇ, ನಮ್ಮೂರಿನ ಕಾರುಗಳಿಗೆ ಏನೇ ರೋಗ ಬಂದರೂ ಮೊದಲು ದಾರಿಹೋಕರಿಗೆ ಗೊತ್ತಾಗುತ್ತಿತ್ತು, ಒಳಗೆ ಕೂತವರಿಗೆ ಕೊನೆಗೆ.

ನನ್ನ ಕಾರಿನ ಟಕ್ ಟಕ್ ಸದ್ದನ್ನೂ ಹೇಳಿದ್ದು ಬ್ರೂಸ್‌ಪೇಟೆಯಲ್ಲಿ ನನ್ನ ಬಟ್ಟೆ ಅಂಗಡಿಯ ಪಕ್ಕದವರೇ. "ಏನ್ ಸಾಹೇಬ್ರ, ಬಾನೆಟ್ ಒಳಗ ಕಮ್ಮಾರನ್ನ ಕುಂದ್ರಿಸೀರೇನ್ರಿ?" ಎಂದು ನಕ್ಕರು. ಅಂದಿನಿಂದ ನನ್ನ ನೆಮ್ಮದಿ ಕೆಟ್ಟಿತು. ಏರಿನಲ್ಲಿ ಸದ್ದು ಹೆಚ್ಚಾದರೆ ಪೆಟ್ರೋಲಿನ ದೋಷ, ನಿಂತಾಗಲೂ ಬಂದರೆ ವಾಲ್ವಿನದು, ಒಳಗಿಂದ ಗುದ್ದಿದಂತೆ ಕೇಳಿದರೆ ಬೇರಿಂಗಿನ ಕಥೆ ಮುಗಿಯಿತು ಎಂದು ಒಬ್ಬೊಬ್ಬರದು ಒಂದೊಂದು ಶಾಸ್ತ್ರ. ಊಟಕ್ಕೆ ಕೂತರೆ ಪಕ್ಕದ ಮನೆಯ ಹೊಲಿಗೆ ಯಂತ್ರವೂ ನನಗೆ ಎಂಜಿನ್ನಿನಂತೆಯೇ ಕೇಳತೊಡಗಿತು.

ಅದೇ ದಿನಗಳಲ್ಲಿ ಗಾಂಧಿನಗರದ ನಮ್ಮ ಮನೆಯಲ್ಲಿ ಇನ್ನೊಂದು ಜಗ್ಗಾಟ ನಡೆದಿತ್ತು. ಮಗಳು ನಾಜಿಯಾಗೆ ಉಬ್ಬಸ. ಧೂಳಿನಿಂದ ದೂರವಿಡಿ ಎಂದಿದ್ದರು ಡಾಕ್ಟರು. ಸಿರುಗುಪ್ಪದ ತವರುಮನೆಯಲ್ಲಿ ಬಿಟ್ಟು ಅಲ್ಲೇ ಶಾಲೆಗೆ ಹಾಕೋಣವೆಂದು ಹೆಂಡತಿ ಶಾಹೀನಳ ಹಟ. ಮಗಳಿಲ್ಲದ ಮನೆಗೆ ನಾನು ಹೇಗೆ ಬರಲಿ ಎಂದು ನನ್ನ ಹಟ. ಕೊನೆಗೆ, ನಾಲ್ಕು ದಿನ ಅಜ್ಜಿಯ ಹತ್ತಿರ ಇದ್ದು ಬರಲಿ ಎಂಬಷ್ಟಕ್ಕೆ ರಾಜಿಯಾಗಿ ಮೂವರೂ ಹೊರಟೆವು.

ಕುರುಗೋಡು ತಲುಪುವಷ್ಟರಲ್ಲಿ ಸದ್ದು ಮುಚ್ಚಿದ ಗಾಜಿನೊಳಗೂ ಕೇಳುವಷ್ಟಾಯಿತು. ರಸ್ತೆ ಬದಿಯ ಮೆಕ್ಯಾನಿಕ್ ವೀರೇಶಣ್ಣ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದ. ನಾನು ಬಿಟ್ಟೇನೆಯೇ? ಇಸಿದುಕೊಂಡು ನನ್ನ ಕಿವಿಗೂ ಹಚ್ಚಿಕೊಂಡೆ, ಅಲ್ಲಿ ಇಲ್ಲಿ ಒತ್ತಿ ನೋಡಿದೆ.

"ಆಯಿಲ್ ಕಡಿಮಿ ಆದಂಗ ಐತ್ರಿ. ಬಂದ್ ಮಾಡ್ರಿ, ನೋಡೋಣು," ಎಂದ.

ಬಂದ್ ಮಾಡಿದೆ. ಎಂಜಿನ್ ಸುಮ್ಮನಾಯಿತು, ಆದರೆ ಹಿಂದಿನ ಸೀಟಿನಿಂದ ಸಣ್ಣ ಸಿಳ್ಳಿನಂಥ ಸದ್ದು ಬರುತ್ತಲೇ ಇತ್ತು. ನಾಜಿಯಾ ನಿದ್ದೆಹೋಗಿದ್ದಳು.

ಶಾಹೀನ್ ನನ್ನನ್ನೇ ನೋಡಿದಳು. "ಕಾರಿಂದು ಅಷ್ಟು ಕಿವಿ ಹಚ್ಚಿ ಕೇಳಿದ್ರಿ. ಇಕಿದೂ ಒಮ್ಮಿ ಕೇಳ್ರಿ."

ಬಾಗಿ ಮಗಳ ಬೆನ್ನಿಗೆ ಕಿವಿಯಿಟ್ಟೆ. ದಿನವೂ ಜೊತೆಗಿದ್ದವಳ ಎದೆಯೊಳಗೆ ಇಷ್ಟು ಗದ್ದಲವೇ ಎಂದು ಗಾಬರಿಯಾಯಿತು, ನನ್ನ ಮೇಲೆಯೇ ಸಿಟ್ಟು ಬಂತು. ವೀರೇಶಣ್ಣ ಎಣ್ಣೆ ಹಾಕಿದ ಮೇಲೆ ಕಾರಿನ ಸದ್ದು ತಗ್ಗಿತೋ ಇಲ್ಲವೋ, ಆಣೆ ಮಾಡಿ ಹೇಳುತ್ತೇನೆ, ನೆನಪಿಲ್ಲ.

ಸಿರುಗುಪ್ಪದಲ್ಲಿ ಅತ್ತೆಯ ಕೈಗೆ ಮಗಳ ಚೀಲ ಕೊಡುತ್ತ, "ಸಾಲಿಗೆ ಹೆಸರು ಹಚ್ಚಿಬಿಡ್ರಿ," ಎಂದೆ. ಮಗಳ ಜೊತೆ ಕೆಲವು ದಿನ ನಿಲ್ಲಲಿದ್ದ ಶಾಹೀನ್ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಕಾರಿನ ಬಾಗಿಲು ತೆಗೆಯುವುದನ್ನು ಕಂಡು ನಾಜಿಯಾ ಓಡಿ ಬಂದಳು.

"ಅಬ್ಬಾ, ನಾಕ್ ದಿನ ಬಿಟ್ಟು... ಕರ್ಕೊಂಡು ಹೋಗಾಕ... ಬರ್ತಿ ಇಲ್ಲ?"

ಅಷ್ಟು ಕೇಳುವುದಕ್ಕೆ ಅವಳು ನಡುನಡುವೆ ಉಸಿರೆಳೆದುಕೊಳ್ಳಬೇಕಾಯಿತು. ಬರುತ್ತೇನೆಂದು ಸುಳ್ಳು ಹೇಳಿ ಕಾರು ಹತ್ತಿದೆ.