ಬ್ರೇಕ್ ಹಿಡಿಯದು ಎಂದು ಬರೆದವರು

ವಸಂತಾಮಣಿ ಕೊನೆಯ ಚೀಲಕ್ಕೆ ಟೀ ಎಲೆ ತುಂಬಿ ಬಾಯಿ ಕಟ್ಟುತ್ತಿದ್ದಾಗ ತಮ್ಮನ ಲಾರಿ ಮನೆ ಮುಂದೆ ಬಂದು ನಿಂತಿತು. ಕೂನೂರಿನ ಕಡೆಯ ಫ್ಯಾಕ್ಟರಿಗೆ ಎಲೆ ಸಾಗಿಸುವ ದಿನೇಶ್‌ಕುಮಾರ್ ದಿನವೂ ತಿರುವಿನಿಂದಲೇ ಹಾರ್ನ್ ಹೊಡೆಯುತ್ತಾ ಬರುವವನು. ಅಂದು ಹೊಡೆಯಲಿಲ್ಲ. ಅವಳಿಗೆ ಅಷ್ಟರಲ್ಲೇ ಗೊತ್ತಾಯಿತು.

"ಅವ್ವೆ ಹೋಗಿಬಿಟ್ಟಳು, ಅಕ್ಕಾ."

ಅವಳು ಚೀಲದ ಮೇಲೇ ಕುಳಿತಳು. ತಾಯಿ ಮಲ್ಲಿ ಮಳೆಗಾಲದಿಂದ ತಮ್ಮ ಬಡಗರ ಹಟ್ಟಿಯಲ್ಲಿ, ದಿನೇಶನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ವಸಂತಾಮಣಿ ಪ್ರತಿ ಭಾನುವಾರ ಚರ್ಚ್ ಮುಗಿಸಿ ಹೋಗಿ ತಾಯಿಯ ತಲೆ ಬಾಚಿ ಬರುತ್ತಿದ್ದಳು. ಗಂಡ ತೀರಿದ ಮೇಲೆ ಅವಳು ದೀಕ್ಷಾಸ್ನಾನ ಪಡೆದಾಗ ಹಟ್ಟಿಯವರು ಜಗಳವಾಡಿರಲಿಲ್ಲ. ಮದುವೆಗೆ, ಹಬ್ಬಕ್ಕೆ ಕರೆಯುವುದನ್ನು ಬಿಟ್ಟಿದ್ದರು, ಅಷ್ಟೆ. ಮಲ್ಲಿ ಮಾತ್ರ ಕೋಲೂರಿಕೊಂಡು ಮಗಳ ಮನೆಗೆ ಬರುತ್ತಿದ್ದಳು. ನಿನ್ನ ಯೇಸು ಈ ಚಳಿಗೆ ಕಂಬಳಿ ಕೊಡುತ್ತಾನೋ ಎಂದು ಕೆಣಕಿ, ಕಾಫಿ ಕುಡಿದು ಹೋಗುತ್ತಿದ್ದಳು.

ದಿನೇಶ್ ಹಟ್ಟಿಯ ಹಿರಿಯರಿಂದ ಇನ್ನೊಂದು ಮಾತನ್ನೂ ತಂದಿದ್ದ. ಲಾರಿಯ ಟಯರು ನೋಡುತ್ತಲೇ ಅದನ್ನು ಹೇಳಿದ. ಬಡಗರ ಸಾವಿನಲ್ಲಿ ಹಿರಿಯರೊಬ್ಬರು ಶವದ ಮಂಚದ ಪಕ್ಕ ನಿಂತು ಸತ್ತವರ ಪಾಪಗಳನ್ನು ಒಂದೊಂದಾಗಿ ಹೇಳುತ್ತಾರೆ. ಸುತ್ತ ನಿಂತ ಮನೆಯವರು ಪ್ರತಿಯೊಂದಕ್ಕೂ "ಪಾಪ" ಎಂದು ದನಿಗೂಡಿಸುತ್ತಾರೆ. ನಾಳೆ ಆ ಸುತ್ತಿನಲ್ಲಿ ವಸಂತಾಮಣಿಯೂ ನಿಲ್ಲಬಹುದು. ಆದರೆ ಅದಕ್ಕೆ ಮೊದಲು, ಬೈಬಲ್ ಬರೀ ಕಥೆಪುಸ್ತಕ ಎಂದು ಹಿರಿಯರ ಮುಂದೆ ಒಂದು ಮಾತು ಹೇಳಬೇಕು. ಇಲ್ಲವಾದರೆ ರಸ್ತೆಯ ಮೇಲೆ ನಿಂತು ನೋಡಲಿ ಎಂದಿದ್ದರು.

ನೀನೂ ಹಾಗೇ ಅಂದುಕೊಂಡಿದ್ದೀಯಾ ಎಂದು ಅವಳು ಕೇಳಿದಳು.

"ನಿಮ್ಮ ಚರ್ಚಿನವರೇ ಬರೆದುಕೊಂಡದ್ದಲ್ಲವಾ ಅಕ್ಕಾ ಅದು? ಎನ್ನ ಲಾರಿಗೆ ನಾನೇ ಸರ್ಟಿಫಿಕೇಟ್ ಬರೆದರೆ ಬ್ರೇಕ್ ಯಾವತ್ತೂ ಕೆಡದು."

ಅಳುವಿನ ನಡುವೆಯೂ ಅವಳಿಗೆ ನಗು ಬಂತು. "ಬ್ರೇಕ್ ಹಿಡಿಯದು ಅಂತ ನೀನೇ ಬರೆದಿದ್ದರೆ? ಆಗ ಜನ ನಂಬ್ತಿದ್ದರಾ ಇಲ್ಲವಾ?"

ಅವಳು ಬಿಡಲಿಲ್ಲ. ಯೇಸುವಿನ ಶಿಷ್ಯ, ಮೊದಲ ಕ್ರೈಸ್ತ ಸಭೆಯ ಹಿರಿಯನಾದ ಪೇತ್ರನೇ ಒಬ್ಬ ಕೆಲಸದ ಹುಡುಗಿಗೆ ಹೆದರಿ, ಯೇಸು ಯಾರೋ ನನಗೆ ಗೊತ್ತಿಲ್ಲ ಎಂದುಬಿಟ್ಟ. ಅವರು ಕೊಂಡಾಡುವ ರಾಜ ದಾವೀದ ಪರರ ಹೆಂಡತಿಯನ್ನು ಇಟ್ಟುಕೊಂಡು ಅವಳ ಗಂಡನನ್ನು ಕೊಲ್ಲಿಸಿದ. ಇದನ್ನೆಲ್ಲ ಬರೆದಿಟ್ಟವರು ಶತ್ರುಗಳಲ್ಲ, ಅವರದೇ ಜನ. ಸತ್ತವರ ಮೇಲೆ ಪ್ರೀತಿಯಿದ್ದರೂ ಪಾಪ ಮುಚ್ಚಬಾರದು ಎಂದು ತನಗೆ ಕಲಿಸಿದ್ದೇ ಹಟ್ಟಿ. ಅದನ್ನೇ ಪುಸ್ತಕದಲ್ಲಿ ಕಂಡಾಗ ನಂಬಿದೆ ಎಂದಳು.

ಹಟ್ಟಿಯಲ್ಲಿ ಹೇಳುವುದು ಎಲ್ಲರಿಗೂ ಒಂದೇ ಪಾಠ, ಅವ್ವೆ ಹಾವು ಕೊಂದಳು ಅಂತಲೂ ನಾಳೆ ಹೇಳುತ್ತಾರೆ, ಅವಳೋ ಹಾವು ಕಂಡರೆ ಓಡುತ್ತಿದ್ದವಳು ಎಂದು ದಿನೇಶ್ ಗೊಣಗಿದ.

"ಅದೇ ನೋಡು. ಆ ಪುಸ್ತಕದಲ್ಲಿ ಹೆಸರು ಹಿಡಿದು, ಮಾಡಿದ್ದನ್ನೇ ಹೇಳಿದ್ದಾರೆ."

ಅವಳು ಎದ್ದು ನಿಂತಳು. ಆ ಪುಸ್ತಕದಲ್ಲಿ ಎಲ್ಲವೂ ತನಗೆ ಅರ್ಥವಾಗಿಲ್ಲ ಎಂದು ಒಪ್ಪಿಕೊಂಡಳು. ಆದರೆ ಒಂದು ಮಾತು ಅರ್ಥವಾಗಿತ್ತು. ಯೇಸುವಿನ ಸಮಾಧಿ ಬರಿದಾಗಿದ್ದನ್ನು ಮೊದಲು ಕಂಡವರು ಹೆಂಗಸರು. ಹೆಂಗಸಿನ ಮಾತಿಗೆ ಅಲ್ಲೂ ಆಗ ಬೆಲೆಯಿರಲಿಲ್ಲ.

"ಎಮ್ಮ ಹಟ್ಟಿಯ ಕೂಟದಲ್ಲಿ ಎನ್ನನ್ನು ಒಂದು ದಿನ ಸಾಕ್ಷಿಗೆ ಕರೆದಿದ್ದಾರಾ, ತಮ್ಮಾ? ಸುಳ್ಳು ಕಟ್ಟುವವನು ಎನ್ನಂಥವಳನ್ನು ಯಾಕೆ ನಿಲ್ಲಿಸ್ತಾನೆ? ಊರ ಗೌಡನನ್ನೇ ನಿಲ್ಲಿಸ್ತಾನೆ. ಕಂಡದ್ದು ಹೆಂಗಸರೇ ಆದ್ದರಿಂದ ಹಾಗೇ ಬರೆದರು."

ಇದನ್ನು ಮಾತ್ರ ಗೌಡನ ಮುಂದೆ ಹೇಳಬೇಡ ಮಾರಾಯ್ತಿ ಎಂದ ದಿನೇಶ್.

"ಕೇಳಿದರೆ ಹೇಳ್ತೇನೆ. ಕಥೆಪುಸ್ತಕ ಅಂತ ಮಾತ್ರ ಅನ್ನೋದಿಲ್ಲ. ಅವ್ವೆಯ ಪಕ್ಕ ನಿಲ್ಲೋಕೆ ಸುಳ್ಳು ಹೇಳಿದರೆ, ಎನ್ನ ಸಾವಿನಲ್ಲಿ ಹೇಳೋಕೆ ಒಂದು ಪಾಪ ಹೆಚ್ಚಾಯ್ತು."

ದಿನೇಶ್ ಚೀಲವನ್ನು ಲಾರಿಗೆ ಎತ್ತಿ ಹಾಕಿದ. ಆಮೇಲೆ ಸುತ್ತಿ ಬಂದು ಆಚೆ ಕಡೆಯ ಬಾಗಿಲು ತೆರೆದು ಹಿಡಿದ. ಅವಳು ಒಳಗೆ ಹೋಗಿ ಕೈ ತೊಳೆದು, ಬಡಗ ಹೆಂಗಸರು ಉಡುವ ಬಿಳಿ ಮುಂಡು ಉಟ್ಟು, ಬೈಬಲನ್ನು ಕಂಕುಳಲ್ಲಿಟ್ಟುಕೊಂಡು ಹತ್ತಿದಳು.

ನಾಳೆ ಮಧ್ಯಾಹ್ನದೊಳಗೆ ಮಲ್ಲಿಯ ಮಂಚ ಹಟ್ಟಿಯ ಕೆಳಗಿನ ಹುಲ್ಲುಬಯಲಿಗೆ ಬರುತ್ತದೆ. ವಸಂತಾಮಣಿ ತಲೆಯ ಕಡೆ ನಿಲ್ಲುತ್ತಾಳೆ. ತಡೆಯುವವರು ಎಲ್ಲರೆದುರೇ ತಡೆಯಬೇಕು.