ಶವಯಾತ್ರೆಯಲ್ಲಿ ಊದದ ನಾರಿಸ್

ಡರ್ಹಮ್ ಸೀಮೆಯ ಹೆಸಲ್‌ರಿಗ್ ಗಣಿಯೂರಿನಲ್ಲಿ ನಾರಿಸ್ ಗೌಲಂಡನ ಬಾಯಿಗೆ ಹೆದರದ ಮೇಸ್ತ್ರಿಯಿರಲಿಲ್ಲ. ಇನ್ನೂ ಇಪ್ಪತ್ತೆರಡರ ಹುಡುಗ. ಶನಿವಾರ ಕುಡಿದು ಹೊಡೆದಾಟ, ಭಾನುವಾರ ಪ್ರಾರ್ಥನೆಯ ಹೊತ್ತಿಗೆ ಗೊರಕೆ. ಆದರೆ ಕಾರ್ನೆಟ್ ತುತ್ತೂರಿಯನ್ನು ಅವನು ತುಟಿಗಿಟ್ಟರೆ, ಬೈಯುವವರೂ ಕಿಟಕಿ ತೆರೆದು ಕೇಳುತ್ತಿದ್ದರು.

ಅವನ ಅಪ್ಪ ಜೋಸೆಫ್ ಸತ್ತದ್ದು ಸುರಂಗದ ಮಾಡು ಕುಸಿದು. ಆಸರೆಗೆ ಮರದ ಕಂಬ ಸಾಲುತ್ತಿಲ್ಲವೆಂದು ಆತ ವಾರವಿಡೀ ಕೂಗಾಡಿದ್ದ. ಪಕ್ಕದಲ್ಲೇ ಕೆಲಸ ಮಾಡುತ್ತಿದ್ದ ನಾರಿಸ್ ಅದನ್ನು ಕಿವಿಯಾರೆ ಕೇಳಿದ್ದ. ವಿಚಾರಣೆಯಲ್ಲಿ ಮ್ಯಾನೇಜರ್ ಹೇಸ್ಟಿ, "ಕಂಬ ಬೇಕಾದಷ್ಟಿತ್ತು, ಸತ್ತವನೇ ನಿಲ್ಲಿಸಲಿಲ್ಲ" ಎಂದ. ತೀರ್ಮಾನವೂ ಹಾಗೇ ಆಯಿತು. ನಾರಿಸ್‌ನನ್ನು ಯಾರೂ ಕೇಳಲಿಲ್ಲ.

ಮರುವರ್ಷ ಹೇಸ್ಟಿಯೇ ಎದೆನೋವಿನಿಂದ ಸತ್ತ. ಗಣಿಯ ವಾದ್ಯವೃಂದದ ಮುಖ್ಯಸ್ಥ ಮುದುಕ ಟೀಸ್‌ಡೇಲ್ ನಾರಿಸ್‌ನ ಮನೆಗೆ ಬಂದ.

"ನಾಳೆ ಶವಯಾತ್ರೇಲಿ ಚರ್ಚಿನ ತನಕ ನೀನೇ ಮುಂದೆ ನಡೀತಾ ಊದ್ಬೇಕಪ್ಪಾ."

"ಅವನಿಗಾ? ಬೇಕಾದ್ರೆ ಉಗೀತೀನಿ."

"ಬಾಯಿ ಮುಚ್ಚೋ!" ಒಲೆಯ ಬಳಿಯಿಂದ ತಾಯಿ ಹಿಲ್ಡಾ ಗದರಿದಳು. "ಈ ಮನೆ ಗಣಿಯವರ್ದು. ನೆನಪಿದ್ಯಾ?"

ತಾಯಿಗಾಗಿ ಹೋದ. ಬೀದಿಯುದ್ದಕ್ಕೂ ಗಂಡಸರು ಟೋಪಿ ತೆಗೆದು ನಿಂತಿದ್ದರು. ಮೆರವಣಿಗೆ ಗಣಿಯ ಮರ ಕೂಡಿಡುವ ಅಂಗಳದ ಮುಂದೆ ಬಂತು. ಅಲ್ಲಿ ಹೊಸ ಕಂಬಗಳನ್ನು ಬೆಟ್ಟದಂತೆ ಪೇರಿಸಿದ್ದರು. ನಾರಿಸ್ ನಿಂತುಬಿಟ್ಟ. ತುತ್ತೂರಿ ಕೆಳಗಿಳಿಯಿತು, ಮುಂದಾಳಿಲ್ಲದ ಹಾಡು ತಡವರಿಸಿ ನಿಂತಿತು.

"ನಮ್ಮಪ್ಪನ್ನ ಕೊಂದೋನು ಇವನೇ," ಎಂದ. ಕೂಗಬೇಕಾಗಿರಲಿಲ್ಲ, ಬೀದಿಗೆಲ್ಲ ಕೇಳಿಸಿತು. ಹೇಸ್ಟಿಯ ಹೆಂಡತಿ ಕಪ್ಪು ಮುಸುಕೆತ್ತಿ ಅವನನ್ನೇ ನೋಡಿದಳು. ಅತ್ತು ಊದಿಕೊಂಡ ಮುಖ. ಅವಳೂ ಅಲ್ಲಿರುತ್ತಾಳೆಂದು ಅವನಿಗೆ ಹೊಳೆದೇ ಇರಲಿಲ್ಲ.

ಟೀಸ್‌ಡೇಲ್ ಅವನ ಕೈಯಿಂದ ತುತ್ತೂರಿ ತೆಗೆದುಕೊಂಡ. ಆ ರಾತ್ರಿ ಪಬ್ಬಿನಲ್ಲಿ ಗಂಡಸರು "ಹುಡುಗ ಹೇಳಿದ್ದು ನಿಜಾನೇ ಬಿಡು," ಎಂದು ಪಿಸುಗುಟ್ಟಿದರು, ಆದರೆ ಅವನ ಮೇಜಿಗೆ ಯಾರೂ ಬಂದು ಕೂರಲಿಲ್ಲ. ಗಣಿಯಲ್ಲಿ ಅವನನ್ನು ನೀರು ನಿಂತ ಸುರಂಗಕ್ಕೆ ಹಾಕಿದರು. ಮೊಣಕಾಲೂರಿ, ತೊಯ್ದು ತೊಪ್ಪೆಯಾಗಿ ಕಲ್ಲಿದ್ದಲು ಕಡಿಯುತ್ತಿದ್ದಾಗ ಮೇಸ್ತ್ರಿಯೊಬ್ಬ ನಗುತ್ತ, "ಅಪ್ಪನ ಥರ ಕಂಬ ನಿಲ್ಸೋದ್ ಮರೀಬೇಡ ಮಗಾ," ಎಂದ. ನಾರಿಸ್ ಅವನ ದವಡೆ ಮುರಿದ.

ಜೈಲಾಯಿತು. ಕೆಲಸ ಹೋಯಿತು, ಕೆಲಸದ ಜೊತೆ ಮನೆಯೂ. ಹೊರಬಂದಾಗ ತಾಯಿ ಸಂಡರ್‌ಲ್ಯಾಂಡಿನ ಹಡಗುಕಟ್ಟೆಯ ಹತ್ತಿರ ಒಂದೇ ಕೋಣೆಯಲ್ಲಿದ್ದಳು, ಪರರ ಮೆಟ್ಟಿಲು ತಿಕ್ಕುತ್ತಿದ್ದಳು. ಅವನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ.

ಅಂದು ಸಂಜೆ ಮನೆಯೊಡತಿ ಬಾಗಿಲಲ್ಲಿ ನಿಂತು ಮಾತಿಗೆಳೆದಳು. "ನಿಮ್ಮನೆಯವ್ರು ಹೇಗೆ ತೀರ್ಕೊಂಡ್ರು?"

"ಗಣೀಲಿ," ಎಂದಳು ಹಿಲ್ಡಾ. "ಅವರದೇ ತಪ್ಪು. ಕಂಬ ನಿಲ್ಸಿರ್ಲಿಲ್ಲ."

ಬ್ರೆಡ್ಡಿಗೆ ಕೊಬ್ಬು ಸವರುತ್ತಿದ್ದ ನಾರಿಸ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ತಾಯಿ ಅವನತ್ತ ನೋಡಿದಳು. ಕೋಪದ ನೋಟವಾಗಿರಲಿಲ್ಲ, ಬೇಡುವ ನೋಟ. ಅವನು ಮೆಲ್ಲಗೆ ಕೂತ.

ಮನೆಯೊಡತಿ ಹೋದ ಮೇಲೆ ಹಿಲ್ಡಾ ಗೋಡೆಗೊರಗಿದಳು. "ಹಾಗಂದ್ಬಿಟ್ರೆ ಆಮೇಲೆ ಯಾರೂ ಏನೂ ಕೇಳಲ್ಲ ಕಣೋ."

"ಸರಿಯಮ್ಮ," ಎಂದ ನಾರಿಸ್. ಅವಳು ಚಹಾ ಬಗ್ಗಿಸಿ ಅವನ ಮುಂದಿಟ್ಟಳು. ಇಬ್ಬರೂ ಕುಡಿದರು.